ನಾಯಿ ಇರುವ ಮನೆಯಲ್ಲಿ ಯಾವ ಗಿಡ ಇಡಬಹುದು, ಯಾವುದು ಬೇಡ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಬಾಲ್ಕನಿಯಲ್ಲಿ ನಲವತ್ತಕ್ಕೂ ಹೆಚ್ಚು ಕುಂಡಗಳಿವೆ. ಒಳಗೆ ಚಿನ್ನು ಇದ್ದಾಳೆ, ಬೀದಿಯಿಂದ ತಂದು ಸಾಕಿದ ನಾಯಿ. ಎರಡರಲ್ಲಿ ಒಂದನ್ನೂ ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ. ಹಾಗಾಗಿ ಯಾವ ಗಿಡ ನಾಯಿಗೆ ಏನು ಮಾಡುತ್ತದೆ ಎಂದು ವರ್ಷಗಟ್ಟಲೆ ಓದಿದ್ದೇನೆ, ಡಾಕ್ಟರರನ್ನು ಕೇಳಿ ಕೇಳಿ ಬೇಜಾರು ಮಾಡಿದ್ದೇನೆ, ಒಂದೆರಡು ಸಲ ನಡುರಾತ್ರಿ ಆಸ್ಪತ್ರೆಗೂ ಓಡಿದ್ದೇನೆ. ಅಪಾರ್ಟ್‌ಮೆಂಟಿನವರು, ಊರಿನ ನೆಂಟರು, ಆಫೀಸಿನ ಗೆಳತಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ಪಶುವೈದ್ಯೆ ಅಲ್ಲ. ನಿಮ್ಮ ನಾಯಿ ಈಗಲೇ ಏನೋ ತಿಂದು ಒದ್ದಾಡುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ.

ನಾಯಿ ಮನಿ ಪ್ಲಾಂಟ್ ಎಲೆ ತಿಂದುಬಿಟ್ಟಿದೆ. ಸಾಯುತ್ತಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸಾಯುವುದಿಲ್ಲ. ಆದರೆ ಬಾಯಿ ಉರಿಯುತ್ತದೆ, ಚೆನ್ನಾಗಿಯೇ ಉರಿಯುತ್ತದೆ.

ಪತ್ರೊಡೆಗೆ ಹುಳಿ ಕಮ್ಮಿಯಾದರೆ ಗಂಟಲು ಕೆರೆಯುತ್ತದಲ್ಲ, ಇದೂ ಅದೇ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ, ಸೂಜಿಯಷ್ಟು ಚೂಪು. ಎಲೆ ಜಗಿದಾಗ ಅವು ನಾಲಿಗೆಗೆ, ವಸಡಿಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಮನಿ ಪ್ಲಾಂಟ್ ಕೆಸುವಿನ ಕುಟುಂಬದ್ದೇ ಬಳ್ಳಿ. ಫಿಲೊಡೆಂಡ್ರಾನ್, ಸಿಂಗೋನಿಯಂ, ಮಾನ್‌ಸ್ಟೆರಾ, ಪೀಸ್ ಲಿಲ್ಲಿ, ಆಂಥೂರಿಯಂ, ಅಗ್ಲೋನಿಮಾ, ಕೆಲೇಡಿಯಂ, ಜೀಜೀ ಪ್ಲಾಂಟ್, ಡಿಫೆನ್‌ಬಾಕಿಯಾ, ಎಲ್ಲವೂ ಅದೇ ಮನೆತನ. ಅಂದರೆ ಈಗ ಮನೆಯೊಳಗೆ ಇಡಲು ಮಾರುವ ಗಿಡಗಳಲ್ಲಿ ಅರ್ಧಕ್ಕರ್ಧ ಕೆಸುವಿನ ನೆಂಟರೇ.

ಕಚ್ಚಿದ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಜೊಲ್ಲು ಸುರಿಯುತ್ತದೆ, ತಲೆ ಕೊಡವುತ್ತದೆ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತದೆ, ಒಂದೆರಡು ಸಲ ವಾಂತಿಯೂ ಆಗಬಹುದು. ಬಾಯಿಯನ್ನು ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒದ್ದೆ ಬಟ್ಟೆಯಿಂದ ನಾಲಿಗೆ, ವಸಡು ಒರೆಸಿ. ಒಂದೆರಡು ಚಮಚ ತಣ್ಣನೆಯ ಮೊಸರು ಕೊಟ್ಟರೆ ಉರಿ ಸ್ವಲ್ಪ ತಗ್ಗುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಸರಿಹೋಗುತ್ತದೆ. ನಾಲಿಗೆ ದಪ್ಪಗಾದರೆ, ಉಸಿರಾಡುವಾಗ ಗೊರಗೊರ ಶಬ್ದ ಬಂದರೆ ಮಾತ್ರ ತಡಮಾಡಬೇಡಿ. ಡಿಫೆನ್‌ಬಾಕಿಯಾದಲ್ಲಿ ಉರಿ ಉಳಿದವುಗಳಿಗಿಂತ ಜಾಸ್ತಿ, ಅದಕ್ಕೆ ನಮ್ಮ ಮನೆಯಲ್ಲಿ ಅದನ್ನು ಇಟ್ಟುಕೊಂಡಿಲ್ಲ.

ಕೆಸುವಿಗೆ ಹುಣಸೆ ಹಾಕುತ್ತೇವೆ ಎಂದುಕೊಂಡು ನಾಯಿ ಬಾಯಿಗೂ ಹುಣಸೆ ಹುಳಿ ಹಾಕಬೇಡಿ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಜಾಸ್ತಿ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದಕ್ಕೂ ಇದೇ ಆಮ್ಲ ಕಾರಣವಿರಬೇಕು ಎಂದು ಈಗ ವಿಷಶಾಸ್ತ್ರದ ತಜ್ಞರು ಭಾವಿಸುತ್ತಾರೆ.

ಚಿನ್ನು ಐದು ತಿಂಗಳ ಮರಿಯಾಗಿದ್ದಾಗ ಮನಿ ಪ್ಲಾಂಟಿನ ಒಂದಿಡೀ ಕುಡಿಯನ್ನು ಜಗಿದು ಹಾಕಿದ್ದಳು. ರಾತ್ರಿ ಹನ್ನೊಂದು ಗಂಟೆ. ನಾನು ಅಳುತ್ತಾ ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಬಾಯಿ ತೊಳೆದರು, ವಾಂತಿಗೆ ಒಂದು ಇಂಜೆಕ್ಷನ್ ಕೊಟ್ಟರು, ಮನೆಗೆ ಕಳಿಸಿದರು. ಹೊರಡುವಾಗ ಅವರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ಇದು ಬಿಡಿ, ನಿಮ್ಮ ಕಾಂಪೌಂಡಲ್ಲಿ ಕಣಗಿಲೆ ಇದೆಯಾ?" ಇತ್ತು. ನಾನು ಅದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ಹಾಗಾದರೆ ನಿಜವಾಗಿ ಜೀವ ತೆಗೆಯುವ ಗಿಡಗಳು ಯಾವುವು?

ಇದನ್ನು ಎಲ್ಲಕ್ಕಿಂತ ಗಮನವಿಟ್ಟು ಓದಿ. ಮನಿ ಪ್ಲಾಂಟ್ ಕಂಡರೆ ಗಾಬರಿಯಾಗುವ ಎಷ್ಟೋ ಮನೆಗಳ ಅಂಗಳದಲ್ಲೇ ಈ ಗಿಡಗಳು ಆರಾಮಾಗಿ ಬೆಳೆದಿರುತ್ತವೆ.

ಮೊದಲನೆಯದು ಕಣಗಿಲೆ. ಗುಲಾಬಿ, ಬಿಳಿ, ಕೆಂಪು ಯಾವ ಬಣ್ಣವಾದರೂ ಸರಿ. ಎಲೆ, ಹೂ, ಕಾಂಡ, ಬೇರು, ಎಲ್ಲದರಲ್ಲೂ ವಿಷ. ಒಣಗಿದ ಎಲೆಯಲ್ಲೂ ಇರುತ್ತದೆ. ಹೂ ಇಟ್ಟ ನೀರಿಗೂ ಇಳಿಯುತ್ತದೆ. ಅದರಲ್ಲಿರುವ ಓಲಿಯಾಂಡ್ರಿನ್ ನೇರವಾಗಿ ಹೃದಯದ ಮೇಲೆ ಕೆಲಸ ಮಾಡುತ್ತದೆ, ಬಡಿತ ತಾಳ ತಪ್ಪುತ್ತದೆ. ಸ್ವಲ್ಪ ಎಲೆ ಸಾಕು. ಹಳದಿ ಹೂವಿನ ಕಣಗಿಲೆ, ಗಂಟೆಯಂಥ ಹೂ ಬಿಡುತ್ತದಲ್ಲ, ಅದು ಬೇರೆ ಗಿಡವಾದರೂ ಮಾಡುವುದು ಇದನ್ನೇ. ಅದರ ಕಾಯಿಯೊಳಗಿನ ಬೀಜ ಇನ್ನೂ ಕೆಟ್ಟದ್ದು. ಹೆದ್ದಾರಿಯ ನಡುವಿನ ಡಿವೈಡರ್‌ನಲ್ಲಿ ಸಾಲಾಗಿ ನೆಟ್ಟಿರುವುದೂ ಕಣಗಿಲೆಯೇ. ದನ, ಮೇಕೆ ಮುಟ್ಟುವುದಿಲ್ಲ, ನೀರೂ ಜಾಸ್ತಿ ಬೇಡ, ಹಾಗಾಗಿ ಅಲ್ಲಿ ಬದುಕುತ್ತದೆ.

ಎರಡನೆಯದು ಸೈಕಾಸ್. ನರ್ಸರಿಯಲ್ಲಿ ಸಾಗೋ ಪಾಮ್ ಅಂತಾರೆ. ನೋಡಲು ಗಿಡ್ಡ ತಾಳೆಯ ಹಾಗೆ ಇರುವುದರಿಂದ ಲೇಔಟುಗಳಲ್ಲಿ, ಹೋಟೆಲ್ ಮುಂದೆ, ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಇದನ್ನೇ ನೆಡುತ್ತಾರೆ. ಇದು ತಾಳೆ ಜಾತಿಯೇ ಅಲ್ಲ. ಇದರ ವಿಷ ಯಕೃತ್ತನ್ನು ಹಾಳು ಮಾಡುತ್ತದೆ. ಎಲ್ಲ ಭಾಗವೂ ವಿಷ, ಬೀಜದಲ್ಲಿ ಅತಿ ಹೆಚ್ಚು. ಒಂದೆರಡು ಬೀಜ ತಿಂದು ಸತ್ತ ನಾಯಿಗಳಿವೆ. ಇದರಲ್ಲಿ ನನಗೆ ತುಂಬಾ ಭಯ ಹುಟ್ಟಿಸುವ ಸಂಗತಿ ಬೇರೆ ಇದೆ. ತಿಂದ ದಿನ ವಾಂತಿಯಾಗುತ್ತದೆ, ಆಮೇಲೆ ನಾಯಿ ಸುಧಾರಿಸಿದ ಹಾಗೆ ಕಾಣುತ್ತದೆ. ಮನೆಯವರು ಸರಿಹೋಯಿತು ಅಂದುಕೊಳ್ಳುತ್ತಾರೆ. ಎರಡು ಮೂರು ದಿನ ಕಳೆದ ಮೇಲೆ ಕಣ್ಣು, ವಸಡು ಹಳದಿಯಾಗುತ್ತದೆ, ಅಷ್ಟರಲ್ಲಿ ಯಕೃತ್ತು ಕೆಟ್ಟಿರುತ್ತದೆ. ಆಗ ಚಿಕಿತ್ಸೆ ಕೊಟ್ಟರೂ ಎಷ್ಟೋ ನಾಯಿಗಳು ಉಳಿಯುವುದಿಲ್ಲ. ಸೈಕಾಸ್ ಜಗಿದದ್ದು ನೋಡಿದರೆ ನಾಯಿ ಎಷ್ಟೇ ಚೂಟಿಯಾಗಿ ಓಡಾಡುತ್ತಿದ್ದರೂ ಆಗಲೇ ಆಸ್ಪತ್ರೆಗೆ ಹೋಗಿ.

ಬಾಲ್ಕನಿಯಲ್ಲಿ ಇಡುವ ಅಡೀನಿಯಂ ಮೂರನೆಯದು. ಬುಡ ದಪ್ಪಗಿದ್ದು ಗುಲಾಬಿ ಬಣ್ಣದ ಹೂ ಬಿಡುತ್ತದೆ, ಬೋನ್ಸಾಯ್ ಥರ ಕಾಣುತ್ತದೆ. ಕಣಗಿಲೆಯ ಕುಟುಂಬದ್ದೇ. ಆಫ್ರಿಕಾದಲ್ಲಿ ಬೇಟೆಯ ಬಾಣಕ್ಕೆ ಇದರ ರಸ ಸವರುತ್ತಿದ್ದರು ಎಂದರೆ ಅರ್ಥ ಮಾಡಿಕೊಳ್ಳಿ.

ನಾಲ್ಕನೆಯದು ಕಲಾಂಚೊ. ಸಣ್ಣ ಕುಂಡದಲ್ಲಿ ಗೊಂಚಲು ಗೊಂಚಲು ಹೂವಿರುವ, ಉಡುಗೊರೆ ಕೊಡುವ ಗಿಡ. ನಮ್ಮ ಕಡೆ ಕಿಡ್ನಿ ಕಲ್ಲಿಗೆ ಒಳ್ಳೆಯದು ಎಂದು ಬೆಳೆಸುವ ಕಾಡುಬಸಳೆಯೂ ಇದೇ ಗುಂಪಿನದು. ಎಲೆ ಮಣ್ಣಿಗೆ ಬಿದ್ದರೆ ಅಂಚಿನಲ್ಲೇ ಮರಿ ಸಸಿ ಏಳುತ್ತದಲ್ಲ, ಅದೇ. ಇದೂ ಹೃದಯಕ್ಕೆ ಹೊಡೆಯುವ ವಿಷ, ಆಸ್ಟ್ರೇಲಿಯಾದಲ್ಲಿ ಈ ಗುಂಪಿನ ಗಿಡಗಳನ್ನು ತಿಂದು ದನಗಳು ಸತ್ತಿವೆ. ಒಂದು ಎಲೆ ಕಚ್ಚಿದರೆ ಹೆಚ್ಚಾಗಿ ವಾಂತಿ ಭೇದಿಯಲ್ಲಿ ಮುಗಿಯುತ್ತದೆ, ಆದರೆ ಜಾಸ್ತಿ ತಿಂದರೆ, ಅದರಲ್ಲೂ ಹೂ ತಿಂದರೆ, ಅಷ್ಟಕ್ಕೇ ನಿಲ್ಲುವುದಿಲ್ಲ.

ಇನ್ನು ಹಿತ್ತಿಲಿನಲ್ಲಿ, ಬೇಲಿಯಲ್ಲಿ ತಾನಾಗಿ ಬೆಳೆಯುವ ಹರಳು, ಗುಲಗಂಜಿ, ಉಮ್ಮತ್ತಿ, ಗೌರಿ ಹೂವಿನ ಗೆಡ್ಡೆ. ಊರಲ್ಲಿ ಮನೆ ಇರುವವರಿಗೆ ಇವುಗಳ ವಿಷ ಗೊತ್ತೇ ಇರುತ್ತದೆ. ಗುಲಗಂಜಿಯ ಬೀಜ ಇಡಿಯಾಗಿ ನುಂಗಿದರೆ ಕೆಲವು ಸಲ ಹಾಗೇ ಹೊರಗೆ ಬರುತ್ತದೆ, ಜಗಿದರೆ ಮಾತ್ರ ಒಂದೇ ಬೀಜವೂ ಅಪಾಯ. ಹರಳು ಬೀಜವೂ ಹಾಗೆಯೇ.

ದೇವರಿಗೆ ಇಟ್ಟ ಹೂವನ್ನು ನಾಯಿ ತಿಂದರೆ?

ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಕೇಳಬೇಕಿತ್ತು, ಅದಕ್ಕೇ ನಾನೇ ಸೇರಿಸಿದ್ದೇನೆ.

ಶಿವನಿಗೆ ಏನೇನು ಏರಿಸುತ್ತೇವೆ ನೋಡಿ. ಕಣಗಿಲೆ, ಉಮ್ಮತ್ತಿ ಹೂ, ಎಕ್ಕದ ಹೂ. ಗಣೇಶನಿಗೆ ಎಕ್ಕದ ಹಾರ. ರಥಸಪ್ತಮಿಗೆ ಎಕ್ಕದ ಎಲೆ ತಲೆಯ ಮೇಲಿಟ್ಟುಕೊಂಡು ಸ್ನಾನ. ವಿಷ ಕುಡಿದ ದೇವರಿಗೆ ವಿಷದ ಹೂವೇ ಪ್ರೀತಿ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಜ್ಜಿಗೆ ಗೊತ್ತಿತ್ತು, ಕರು ಆ ಕಡೆ ಹೋಗದ ಹಾಗೆ ನೋಡಿಕೊಳ್ಳುತ್ತಿದ್ದರು. ನಾವು ಅದನ್ನು ಮರೆತಿದ್ದೇವೆ.

ಪೂಜೆಯ ಹೂ ಮಾರನೆಯ ದಿನ ನಿರ್ಮಾಲ್ಯ ಆಗುತ್ತದೆ. ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಡುತ್ತೇವೆ, ಇಲ್ಲವೇ ತುಳಸಿ ಕಟ್ಟೆಯ ಬುಡಕ್ಕೋ ಯಾವುದೋ ಕುಂಡಕ್ಕೋ ಹಾಕುತ್ತೇವೆ. ಅದರಲ್ಲಿ ತುಪ್ಪ ತಾಗಿರುತ್ತದೆ, ನೈವೇದ್ಯದ ಬೆಲ್ಲ ಅಂಟಿರುತ್ತದೆ, ಪಂಚಾಮೃತದ ವಾಸನೆ ಇರುತ್ತದೆ. ಸುಮ್ನೆ ಕಣಗಿಲೆ ಎಲೆ ಕೊಟ್ಟರೆ ಕಹಿ ಎಂದು ಉಗುಳುವ ನಾಯಿ, ತುಪ್ಪದ ಹೂವನ್ನು ಎರಡೇ ಬಾಯಿಗೆ ನುಂಗಿಬಿಡುತ್ತದೆ. ಒಂದು ಗಣೇಶ ಹಬ್ಬದ ಮಾರನೆ ದಿನ ಚಿನ್ನು ಚೀಲ ಹರಿದು ಎಕ್ಕದ ಹಾರವನ್ನು ಎಳೆದಾಡಿದ್ದಳು. ಹೆಚ್ಚು ತಿಂದಿರಲಿಲ್ಲ, ವಾಂತಿಯಾಗಿ ಉಳಿದಳು. ಚೀಲವನ್ನು ನೆಲದ ಮೇಲೆ ಇಟ್ಟದ್ದು ನಾನೇ. ಆವತ್ತಿನಿಂದ ನಿರ್ಮಾಲ್ಯಕ್ಕೆ ಮುಚ್ಚಳದ ಡಬ್ಬಿ, ಅದೂ ಶೆಲ್ಫಿನ ಮೇಲೆ.

ಎಕ್ಕದ ಹಾಲು ಕಣ್ಣಿಗೆ ಬಿದ್ದರೂ ಕಷ್ಟ. ಬಿದ್ದರೆ ಹದಿನೈದು ನಿಮಿಷವಾದರೂ ಶುದ್ಧ ನೀರಿನಿಂದ ತೊಳೆದು ಡಾಕ್ಟರಿಗೆ ತೋರಿಸಿ. ಸೇವಂತಿಗೆ ತಿಂದರೆ ವಾಂತಿ, ಭೇದಿ, ಕೆಲವು ನಾಯಿಗಳಿಗೆ ಚರ್ಮದ ತುರಿಕೆ. ಮಲ್ಲಿಗೆ, ಗುಲಾಬಿಯಿಂದ ತೊಂದರೆ ಇಲ್ಲ. ಹಾರದ ದಾರ ಮಾತ್ರ ಬೇರೆ ವಿಷಯ, ಉದ್ದ ದಾರ ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಗುದದಲ್ಲಿ ದಾರದ ತುದಿ ಕಂಡರೆ ಎಳೆಯಬೇಡಿ.

ತುಳಸಿ, ದೊಡ್ಡಪತ್ರೆ, ಲೋಳೆಸರ ಎಲ್ಲ ಔಷಧಿ ಗಿಡಗಳು. ಅವು ನಾಯಿಗೂ ಒಳ್ಳೆಯದೇ ಅಲ್ವಾ?

ಅಲ್ಲ. ಮನುಷ್ಯರಿಗೆ ಔಷಧಿಯಾದದ್ದು ನಾಯಿಗೂ ಆಗಬೇಕೆಂದಿಲ್ಲ.

ಕಾಮಕಸ್ತೂರಿ ನಾಯಿಗೆ ತೊಂದರೆ ಕೊಡುವ ಗಿಡಗಳ ಪಟ್ಟಿಯಲ್ಲಿ ಇಲ್ಲ. ತುಳಸಿ ಅದರ ಹತ್ತಿರದ ನೆಂಟ, ಒಂದೆರಡು ಎಲೆ ಮೇಯ್ದರೆ ಗಾಬರಿ ಬೇಡ. ದೊಡ್ಡಪತ್ರೆ ಬೇರೆ. ಅದರ ಎಲೆಯಲ್ಲಿರುವ ಘಾಟು ಎಣ್ಣೆಯಿಂದ ನಾಯಿಗೆ ವಾಂತಿ, ಭೇದಿ ಆಗಬಹುದು, ಮಂಕಾಗಬಹುದು. ಕೆಮ್ಮು ಬಂದಿದೆ ಎಂದು ಮಕ್ಕಳಿಗೆ ಕೊಡುವ ಹಾಗೆ ಎಲೆ ಬಾಡಿಸಿ ರಸ ಹಿಂಡಿ ನಾಯಿಗೆ ಕುಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪುದೀನ, ನಿಂಬೆ ಹುಲ್ಲು ಕೂಡ ಜಾಸ್ತಿ ತಿಂದರೆ ಹೊಟ್ಟೆ ಕೆಡಿಸುತ್ತವೆ.

ಲೋಳೆಸರದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಒಳಗಿನ ಪಾರದರ್ಶಕ ಲೋಳೆ ಸಮಸ್ಯೆಯಲ್ಲ. ಸಿಪ್ಪೆಯ ಕೆಳಗೆ ಹಳದಿ ರಸ ಇರುತ್ತದಲ್ಲ, ಕತ್ತರಿಸಿ ನಿಲ್ಲಿಸಿದರೆ ತೊಟ್ಟಿಕ್ಕುತ್ತದೆ, ಕಹಿ ಅದರದ್ದೇ, ಭೇದಿ ಮಾಡಿಸುವುದೂ ಅದೇ. ನಾಯಿ ಸಿಪ್ಪೆ ಸುಲಿದು ತಿನ್ನುವುದಿಲ್ಲ. ಹಾಗಾಗಿ ಲೋಳೆಸರ ಕಟಕಟೆಯ ಮೇಲಿರಲಿ. ಗಾಯಕ್ಕೆ ಹಚ್ಚಿದರೂ ನೆಕ್ಕಿಕೊಳ್ಳುತ್ತದೆ, ಅದೂ ಬೇಡ.

ನಿತ್ಯಪುಷ್ಪದ ಕಥೆ ನನಗೆ ತುಂಬಾ ಇಷ್ಟ. ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ಬೀದಿ ನಾಯಿಗಳಿಗೆ ಜನನಾಂಗದಲ್ಲಿ ಒಂದು ಗೆಡ್ಡೆ ಬರುತ್ತದೆ, ಒಂದರಿಂದ ಒಂದಕ್ಕೆ ಹರಡುವ ಕ್ಯಾನ್ಸರ್. ಅದಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಈ ಗಿಡದಿಂದಲೇ ಬಂದದ್ದು. ವಾರಕ್ಕೊಂದು ಇಂಜೆಕ್ಷನ್, ಕೆಲವು ವಾರಗಳಲ್ಲಿ ಗೆಡ್ಡೆ ಕರಗುತ್ತದೆ. ಡಾಕ್ಟರು ನಾಯಿಯ ಅಳತೆ ನೋಡಿ ಲೆಕ್ಕ ಹಾಕಿ, ರಕ್ತ ಪರೀಕ್ಷೆ ಮಾಡಿ ಕೊಡುವ ಔಷಧಿ ಅದು. ಅದೇ ಗಿಡದ ಎಲೆಯನ್ನು ನಾಯಿ ತಾನೇ ಮೇಯ್ದರೆ ವಾಂತಿ, ರಕ್ತದೊತ್ತಡ ಇಳಿಯುವುದು, ನಡುಕ, ಜಾಸ್ತಿ ತಿಂದರೆ ಫಿಟ್ಸ್ ಕೂಡ ಬರಬಹುದು.

ಸ್ನೇಕ್ ಪ್ಲಾಂಟ್, ಲಕ್ಕಿ ಬ್ಯಾಂಬೂ, ಜೇಡ್?

ಮೂರೂ ಹೊಟ್ಟೆ ಕೆಡಿಸುತ್ತವೆ. ಜೀವಕ್ಕೆ ಅಪಾಯ ತೀರಾ ಅಪರೂಪ. ಲಕ್ಕಿ ಬ್ಯಾಂಬೂ ಬಿದಿರಲ್ಲ, ಡ್ರಸೀನ ಜಾತಿ. ಜೇಡ್ ವಿಷಯದಲ್ಲಿ ಗೊಂದಲ ಇದೆ. ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಮಾರುವ ಸಣ್ಣ ಗುಂಡೆಲೆಯ ಗಿಡ ಹೆಚ್ಚಾಗಿ ಪೋರ್ಟುಲಕೇರಿಯ. ನಾಯಿಗೆ ಬೇಡ ಎನ್ನುವುದು ಕ್ರಾಸುಲ ಜಾತಿಯ, ಎಲೆ ದೊಡ್ಡದಾಗಿ ದಪ್ಪಗಿರುವ ಜೇಡ್.

ಅರೆಕಾ ಪಾಮ್ ಅಂದರೆ ಅಡಿಕೆ ಮರ ಅಲ್ವಾ? ಅಡಿಕೆ ನಾಯಿಗೆ ಆಗಲ್ಲ ಅಂತಾರೆ.

ನಾನು ಅಡಿಕೆ ತೋಟದ ಊರಿನವಳು, ನನಗೂ ಮೊದಲು ಇದೇ ಅನುಮಾನ ಬಂದಿತ್ತು. ಮನೆಯೊಳಗೆ ಇಡುವ ಅರೆಕಾ ಪಾಮ್ ಮಡಗಾಸ್ಕರ್ ಮೂಲದ ಬೇರೆ ತಾಳೆ, ಹೆಸರಲ್ಲಿ ಮಾತ್ರ ಅರೆಕಾ. ನಾಯಿಗೆ ಏನೂ ಆಗುವುದಿಲ್ಲ, ಧಾರಾಳವಾಗಿ ಇಡಿ.

ನಿಜವಾದ ಅಡಿಕೆ ಕಾಯಿ ಬೇರೆ ಮಾತು. ಅದರಲ್ಲಿ ಅರೆಕೋಲಿನ್ ಇದೆ. ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಬೀಳಿಸಲು ಪಶುವೈದ್ಯರು ಇದನ್ನೇ ಕೊಡುತ್ತಿದ್ದರು. ಅಡ್ಡಪರಿಣಾಮ ಜಾಸ್ತಿ, ಒಳ್ಳೆಯ ಮಾತ್ರೆಗಳು ಬಂದ ಮೇಲೆ ಬಿಟ್ಟರು. ನಾಯಿ ಅಡಿಕೆ ಜಗಿದರೆ ಜೊಲ್ಲು, ಭೇದಿ, ಹೃದಯ ನಿಧಾನವಾಗುವುದು, ಇವೆಲ್ಲ ಆಗಬಹುದು. ಎಲೆ ಅಡಿಕೆ ತಟ್ಟೆಯನ್ನು ಚಾವಡಿಯ ನೆಲದ ಮೇಲೆ ಬಿಡುವ ಮನೆಗಳು ಇದನ್ನು ನೋಡಿಕೊಳ್ಳಬೇಕು.

ಹಾಗಾದರೆ ಭಯವಿಲ್ಲದೆ ಯಾವುದನ್ನು ಇಡಲಿ?

ಸ್ಪೈಡರ್ ಪ್ಲಾಂಟ್ ನನ್ನ ಮೊದಲ ಆಯ್ಕೆ. ಚಿನ್ನು ಅದರ ಎಲೆ ಎಷ್ಟು ಸಲ ಕಿತ್ತಿದ್ದಾಳೋ ಲೆಕ್ಕವಿಲ್ಲ. ಅದೂ ಮತ್ತೆ ಮತ್ತೆ ಚಿಗುರುತ್ತದೆ. ಅರೆಕಾ ಪಾಮ್, ಬೋಸ್ಟನ್ ಫರ್ನ್, ಪೆಪೆರೋಮಿಯ, ಕಲಾಥಿಯ, ಮರಾಂಟ, ಹೋಯ, ಆಫ್ರಿಕನ್ ವಯಲೆಟ್, ಫೆಲನಾಪ್ಸಿಸ್ ಆರ್ಕಿಡ್, ಜರ್ಬೆರಾ. ದಪ್ಪ ಎಲೆಯ ಗಿಡಗಳು ಬೇಕೆಂದರೆ ಎಚಿವೇರಿಯ ಮತ್ತು ಹವೋರ್ಥಿಯ. ಹವೋರ್ಥಿಯ ನೋಡಲು ಪುಟ್ಟ ಲೋಳೆಸರದ ಹಾಗೇ ಇರುತ್ತದೆ, ಆದರೆ ಆ ಹಳದಿ ರಸದ ತಾಪತ್ರಯ ಇಲ್ಲ. ಬಾಲ್ಕನಿಗೆ ಮಲ್ಲಿಗೆ, ಗುಲಾಬಿ. ಗುಲಾಬಿಯ ಮುಳ್ಳು ನೋಡಿಕೊಳ್ಳಿ.

ಇವು ಸುರಕ್ಷಿತ ಎಂದರೆ ವಿಷ ಇಲ್ಲ ಎಂದಷ್ಟೇ ಅರ್ಥ. ಒಂದು ಬುಟ್ಟಿ ಸೊಪ್ಪು ತಿಂದರೆ ಯಾವ ನಾಯಿಯೂ ವಾಂತಿ ಮಾಡುತ್ತದೆ.

ನರ್ಸರಿಯವರು "ಏನೂ ಆಗಲ್ಲ ಮೇಡಂ, ತಗೊಳ್ಳಿ" ಅಂದರು. ನಂಬಬಹುದಾ?

ಅವರಿಗೆ ಗಿಡ ಬದುಕಿಸುವುದು ಗೊತ್ತು, ಅದರಲ್ಲಿ ಅವರ ಮಾತು ಚಿನ್ನ. ನಾಯಿಯ ವಿಷಯ ಅವರ ಕೆಲಸವಲ್ಲ. ನಾನು ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಿಗೆ ಹೋದಾಗಲೂ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೂ ಒಂದೇ ಕೆಲಸ ಮಾಡುತ್ತೇನೆ: ಗಿಡದ ಫೋಟೋ ತೆಗೆದು, ಸಸ್ಯಶಾಸ್ತ್ರದ ಹೆಸರು ಕೇಳಿ ಬರೆದುಕೊಂಡು, ಅಲ್ಲೇ ಫೋನಿನಲ್ಲಿ ಹುಡುಕುತ್ತೇನೆ. ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯ ಗಿಡಗಳ ಪಟ್ಟಿ ಉಚಿತವಾಗಿ ಸಿಗುತ್ತದೆ, ನಾಯಿ, ಬೆಕ್ಕು, ಕುದುರೆಗೆ ಬೇರೆ ಬೇರೆಯಾಗಿ ಹೇಳುತ್ತದೆ.

ಮಾರುವ ಹೆಸರು ನಂಬಿದರೆ ಮೋಸ ಹೋಗುತ್ತೀರಿ. ಅರೆಕಾ ಪಾಮ್ ಒಳ್ಳೆಯದು, ಸಾಗೋ ಪಾಮ್ ಸಾವು. ಬೋಸ್ಟನ್ ಫರ್ನ್ ಒಳ್ಳೆಯದು, ಆಸ್ಪರಾಗಸ್ ಫರ್ನ್ ಫರ್ನೇ ಅಲ್ಲ, ಅದರ ಕೆಂಪು ಹಣ್ಣು ತಿಂದರೆ ವಾಂತಿ ಭೇದಿ. ಚೈನೀಸ್ ಮನಿ ಪ್ಲಾಂಟ್ ಎಂದು ಮಾರುವ ಪೈಲಿಯಾಗೆ ದೋಷವಿಲ್ಲ, ನಮ್ಮ ಮನಿ ಪ್ಲಾಂಟಿಗೆ ಬಾಯಿ ಉರಿ.

ಗಿಡ ಸರಿ. ಕುಂಡದ ಮಣ್ಣು, ಗೊಬ್ಬರ?

ಎಲೆಗಿಂತ ಇದರಿಂದಲೇ ಹೆಚ್ಚು ಅನಾಹುತ ಆಗಬಹುದು ಎಂದು ನನಗೆ ಅನ್ನಿಸುತ್ತದೆ.

ಹರಳು ಹಿಂಡಿ ಮುಖ್ಯವಾದದ್ದು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ರೈಸಿನ್ ಎಂಬ ವಿಷ ಉಳಿದಿರಬಹುದು, ಸರಿಯಾಗಿ ಬಿಸಿ ಮಾಡಿದ್ದರೆ ಮಾತ್ರ ಅದು ಹೋಗುತ್ತದೆ. ಅಂಗಡಿಯ ಪ್ಯಾಕೆಟ್ ನೋಡಿ ಅದು ಗೊತ್ತಾಗುವುದಿಲ್ಲ. ನಾಯಿಗೆ ಆ ವಾಸನೆ ಇಷ್ಟ. ಜತೆಗೆ ಎಲುಬಿನ ಪುಡಿ ಬೆರೆಸಿದರಂತೂ ಕುಂಡವನ್ನೇ ಅಗೆದು ತಿನ್ನುತ್ತದೆ. ರಕ್ತಭೇದಿ ಶುರುವಾಗಲು ಕೆಲವು ಗಂಟೆ ಬೇಕು, ಕೆಲವೊಮ್ಮೆ ಒಂದು ದಿನ, ಹಾಗಾಗಿ ಕಾರಣ ಹೊಳೆಯುವುದಿಲ್ಲ. ನಾಯಿ ಇರುವ ಮನೆಯಲ್ಲಿ ಹರಳು ಹಿಂಡಿ ಬೇಡವೇ ಬೇಡ. ಎರೆಗೊಬ್ಬರ ಹಾಕಿ. ನೆಂದ ಕಡಲೆಕಾಯಿ ಹಿಂಡಿ ಬೂಷ್ಟು ಹಿಡಿಯುತ್ತದೆ, ಅದೂ ಒಳ್ಳೆಯದಲ್ಲ.

ಅಡುಗೆಮನೆ ಕಸದಿಂದ ಗೊಬ್ಬರ ಮಾಡುವವರು ಡಬ್ಬಿಯ ಮುಚ್ಚಳ ಗಟ್ಟಿ ಮಾಡಿ. ಬೂಷ್ಟು ಹಿಡಿದ ಅನ್ನ, ಬ್ರೆಡ್ಡು ತಿಂದ ನಾಯಿಗೆ ಮೈಯೆಲ್ಲ ನಡುಗುವ ವಿಷವಾಗುತ್ತದೆ. ನಾಯಿಗೆ ಆಗದ ಈರುಳ್ಳಿ ಸಿಪ್ಪೆಯೂ ಅದರಲ್ಲೇ ಇರುತ್ತದೆ.

ಬಸವನಹುಳುವಿಗೆ ಹಾಕುವ ಗುಳಿಗೆ, ಮೆಟಾಲ್ಡಿಹೈಡ್. ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ಬೆಂಗಳೂರಿನಲ್ಲೂ, ಕೊಡಗಿನ ಕಾಫಿ ತೋಟದಲ್ಲೂ ಬಳಸುತ್ತಾರೆ. ಹುಳುವನ್ನು ಸೆಳೆಯಲು ಅದರಲ್ಲಿ ಹೊಟ್ಟು ಬೆರೆಸಿರುತ್ತಾರೆ, ನಾಯಿಗೂ ಅದು ತಿಂಡಿಯೇ. ತಿಂದ ಕೆಲವೇ ಗಂಟೆಯಲ್ಲಿ ನಡುಕ, ಜ್ವರ, ಫಿಟ್ಸ್. ಹುಳುವನ್ನು ಕೈಗವಸು ಹಾಕಿ ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕುವುದು ಕಷ್ಟದ ಕೆಲಸ, ಆದರೂ ಅದನ್ನೇ ಮಾಡಿ. ಬಕೆಟ್ ಮೇಲೆ ಮುಚ್ಚಳ ಇರಲಿ.

ನಾಯಿ ಹುಲ್ಲು ತಿಂದರೆ ಹೊಟ್ಟೆ ಸರಿಯಿಲ್ಲ ಅಂತಾನಾ?

ಹಾಗೇನಿಲ್ಲ. ಹುಷಾರಾಗಿರುವ ನಾಯಿಗಳೂ ತಿನ್ನುತ್ತವೆ, ಅದು ಅವುಗಳ ಸ್ವಭಾವ. ತಿಂದ ನಾಯಿಗಳೆಲ್ಲ ವಾಂತಿಯನ್ನೂ ಮಾಡುವುದಿಲ್ಲ. ದಿನವೂ ಹುಚ್ಚು ಹಿಡಿದ ಹಾಗೆ ತಿಂದು ವಾಂತಿ ಮಾಡುತ್ತಿದ್ದರೆ ಮಾತ್ರ ತೋರಿಸಿ.

ನಾನು ಒಂದು ಅಗಲ ಕುಂಡದಲ್ಲಿ ಗರಿಕೆ ಬೆಳೆಸಿದ್ದೇನೆ, ಅದು ಚಿನ್ನುವಿನದ್ದೇ. ಇನ್ನೊಂದು ಟ್ರೇಯಲ್ಲಿ ಗೋಧಿ ಹುಲ್ಲು. ಇವು ಬಂದ ಮೇಲೆ ಉಳಿದ ಗಿಡಗಳ ಕಡೆ ಅವಳು ಮೂತಿ ಹಾಕುವುದು ಬಹಳ ಕಮ್ಮಿಯಾಗಿದೆ. ಗಣೇಶ ಚೌತಿಗೂ ಅದೇ ಕುಂಡದ ಗರಿಕೆ, ಅವಳು ಬಿಟ್ಟರೆ.

ತಿಂದೇ ಬಿಟ್ಟಿತು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲಾ?

ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಉಪ್ಪು ಜಾಸ್ತಿಯಾದರೆ ಅದೇ ವಿಷ, ಮೆದುಳಿಗೆ ಏಟು ಬೀಳುತ್ತದೆ. ಎಣ್ಣೆ, ತುಪ್ಪ, ನಿಂಬೆರಸ, ಮೊಟ್ಟೆ, ಇದ್ದಿಲ ಪುಡಿ, ಯಾವುದೂ ಬೇಡ. ಮನೆಯ ಇದ್ದಿಲು ಬೇರೆ, ಆಸ್ಪತ್ರೆಯಲ್ಲಿ ಕೊಡುವ ಆಕ್ಟಿವೇಟೆಡ್ ಚಾರ್ಕೋಲ್ ಬೇರೆ. ಮಂಕಾಗಿರುವ ನಾಯಿಗೆ ಏನಾದರೂ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೇನ್ ಅಂತೂ ಮುಟ್ಟಲೇಬೇಡಿ.

ಮಾಡಬೇಕಾದದ್ದು ಇಷ್ಟು. ಬಾಯಲ್ಲಿ ಉಳಿದ ಚೂರು ತೆಗೆಯಿರಿ. ಗಿಡದ ಒಂದು ರೆಂಬೆಯನ್ನು ಕವರಿನಲ್ಲಿ ಹಾಕಿಕೊಳ್ಳಿ, ಫೋಟೋ ತೆಗೆಯಿರಿ, ವಾಂತಿಯ ಫೋಟೋ ಕೂಡ. ಎಷ್ಟು ಹೊತ್ತಿಗೆ ತಿಂದಿತು, ಎಷ್ಟು ತಿಂದಿರಬಹುದು, ನಾಯಿಯ ತೂಕ ಎಷ್ಟು ಕೆಜಿ, ಈ ಮೂರನ್ನು ಡಾಕ್ಟರು ಮೊದಲು ಕೇಳುತ್ತಾರೆ. ವಾಂತಿ ಮಾಡಿಸಬೇಕೋ ಬೇಡವೋ ಅವರೇ ಹೇಳಲಿ. ಮಾಡಿಸುವುದಾದರೆ ತಿಂದ ಸುಮಾರು ಎರಡು ಗಂಟೆಯೊಳಗೆ ಮಾಡಿಸಿದರೆ ಉಪಯೋಗ, ಅದಕ್ಕೇ ಬೇಗ ಹೊರಡಿ ಎನ್ನುವುದು.

ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಈಗಲೇ ಕೇಳಿ, ನಂಬರನ್ನು ಫ್ರಿಡ್ಜ್ ಮೇಲೆ ಅಂಟಿಸಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಸಮಯ ವಿಚಾರಿಸಿಟ್ಟುಕೊಳ್ಳಿ. ಹಳ್ಳಿಯಲ್ಲಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆ ಗೊತ್ತಿರಲಿ. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಆದರೂ ಹತ್ತಿರದ ಪಶು ಆಸ್ಪತ್ರೆ ಯಾವುದೆಂದು ಕೇಳಿ ನೋಡಬಹುದು. ಅಮೆರಿಕದಲ್ಲಿರುವ ನಮ್ಮವರಿಗೆ ಎಎಸ್‌ಪಿಸಿಎಯ ವಿಷ ಸಹಾಯವಾಣಿ ದಿನದ 24 ಗಂಟೆಯೂ ಸಿಗುತ್ತದೆ, ಶುಲ್ಕ ತೆಗೆದುಕೊಳ್ಳಬಹುದು.

ಬೆಳಗ್ಗೆವರೆಗೆ ಕಾಯಬಹುದಾ?

ಮನಿ ಪ್ಲಾಂಟ್ ಗುಂಪಿನದಾಗಿದ್ದು, ಬಾಯಿ ತೊಳೆದ ಮೇಲೆ ನಾಯಿ ನೀರು ಕುಡಿದು ಮಲಗಿದರೆ ಕಾಯಬಹುದು. ಕಣಗಿಲೆ, ಸೈಕಾಸ್, ಅಡೀನಿಯಂ, ಹರಳು, ಗುಲಗಂಜಿ, ಬಸವನಹುಳುವಿನ ಗುಳಿಗೆ ಆಗಿದ್ದರೆ ನಾಯಿ ಚೆನ್ನಾಗಿ ಕಂಡರೂ ಕಾಯಬೇಡಿ. ಏನು ತಿಂದಿದೆ ಎಂದೇ ಗೊತ್ತಿಲ್ಲದಿದ್ದರೆ ವಸಡು ನೋಡಿ. ಬಿಳಿಚಿಕೊಂಡಿದ್ದರೆ, ನಾಯಿ ಓಲಾಡುತ್ತಿದ್ದರೆ, ಕಣ್ಣಿನ ಪಾಪೆ ಅಗಲವಾಗಿದ್ದರೆ, ನಡುಕವಿದ್ದರೆ, ವಾಂತಿಯಲ್ಲಿ ರಕ್ತವಿದ್ದರೆ ಆಗಲೇ ಹೊರಡಿ.

ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಗಿಡಕ್ಕೆ ಮೆಣಸಿನ ಪುಡಿ ಹಾಕಲಾ?

ಹಾಕಬೇಡಿ. ಕಣ್ಣಿಗೆ, ಮೂಗಿಗೆ ಹೋಗುತ್ತದೆ, ಪಾಪ. ನಾಲ್ಕರಿಂದ ಏಳು ತಿಂಗಳ ಹೊತ್ತಿಗೆ ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ, ವಸಡು ತುರಿಸುತ್ತದೆ, ಅದಕ್ಕೆ ಕಚ್ಚುತ್ತದೆ. ಫ್ರಿಡ್ಜಿನಲ್ಲಿಟ್ಟ ದಪ್ಪ ಕ್ಯಾರೆಟ್ಟು ಕೊಡಿ. ಒದ್ದೆ ಬಟ್ಟೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ಆ ಮೂರ್ನಾಲ್ಕು ತಿಂಗಳು ಕುಂಡಗಳನ್ನು ಮೇಲೆತ್ತಿಡಿ, ಬಳ್ಳಿಗಳನ್ನು ಮೊಳೆಗೆ ತೂಗುಹಾಕಿ, ನೆಲಕ್ಕೆ ಇಳಿದ ಕುಡಿ ಕತ್ತರಿಸಿ. ಒಂಟಿಯಾಗಿ ದಿನವಿಡೀ ಬಾಲ್ಕನಿಯಲ್ಲಿ ಕೂಡಿಹಾಕಿದ ಮರಿ ಗಿಡ ಕೀಳದೆ ಇನ್ನೇನು ಮಾಡುತ್ತದೆ? ಜತೆಗೆ ಆಡಿ, ಸುತ್ತಾಡಿಸಿ.

ಮನೆಯಲ್ಲಿ ಬೆಕ್ಕೂ ಇದೆ.

ಹಾಗಾದರೆ ನಿಜವಾದ ಲಿಲ್ಲಿ ಹೂಗಳನ್ನು ಮನೆಗೆ ತರಲೇಬೇಡಿ, ಹೂಗುಚ್ಛದಲ್ಲೂ ಬೇಡ. ನಾಯಿಗೆ ಹೊಟ್ಟೆನೋವಿನಲ್ಲಿ ಮುಗಿಯುವ ಆ ಲಿಲ್ಲಿ, ಬೆಕ್ಕಿನ ಮೂತ್ರಪಿಂಡವನ್ನು ಎರಡು ಮೂರು ದಿನದಲ್ಲಿ ನಿಲ್ಲಿಸುತ್ತದೆ. ಮೈಗೆ ಬಿದ್ದ ಪರಾಗ ನೆಕ್ಕಿದರೂ ಸಾಕು.

ಅಂಗಳದಲ್ಲಿ ಹಳೆಯ ಕಣಗಿಲೆ ಗಿಡ ಇದೆ, ಅತ್ತೆ ಕೀಳಲು ಬಿಡುವುದಿಲ್ಲ. ಏನು ಮಾಡಲಿ?

ಕೀಳಲೇಬೇಕೆಂದಿಲ್ಲ. ದೊಡ್ಡ ನಾಯಿ, ಗಿಡದ ತಂಟೆಗೆ ಹೋಗದ ನಾಯಿ ಆದರೆ ಸುತ್ತ ಎರಡಡಿ ದೂರದಲ್ಲಿ ಜಾಲರಿ ಹಾಕಿ, ಕೆಳಗಿನ ರೆಂಬೆ ಸವರಿ, ಉದುರಿದ ಎಲೆ ಹೂಗಳನ್ನು ದಿನವೂ ಗುಡಿಸಿ ತೆಗೆಯಿರಿ. ನೀರಿನ ಬಟ್ಟಲು ಅದರ ಕೆಳಗೆ ಇಡಬೇಡಿ. ಅತ್ತೆಗೆ ನಾಯಿಯ ಮೇಲೆ ಪ್ರೀತಿ ಇದ್ದರೆ ಡಾಕ್ಟರ ಬಾಯಿಂದಲೇ ಒಂದು ಮಾತು ಹೇಳಿಸಿ, ನಮ್ಮನೆಯಲ್ಲಿ ಅದು ಕೆಲಸ ಮಾಡಿತು.

ಮರಿ ಇದ್ದರೆ ಮಾತ್ರ ಗಿಡ ತೆಗೆಯುವುದೇ ಸರಿ. ತೆಗೆಯುವಾಗ ಕೈಗವಸು ಹಾಕಿಕೊಳ್ಳಿ. ಕಡಿದ ರೆಂಬೆಗಳನ್ನು ಅಲ್ಲೇ ರಾಶಿ ಹಾಕಿ ಒಣಗಲು ಬಿಡಬೇಡಿ. ಸುಡಬೇಡಿ, ಹೊಗೆಯೂ ವಿಷ. ನೀರೊಲೆಗೂ ಹಾಕಬೇಡಿ. ಚೀಲಕ್ಕೆ ಕಟ್ಟಿ ಹಸಿ ಕಸದವರಿಗೆ ಕೊಡುವಾಗ ಇದು ಕಣಗಿಲೆ, ದನಕ್ಕೆ ಹಾಕಬೇಡಿ ಎಂದು ಬಾಯಿಬಿಟ್ಟು ಹೇಳಿ. ಬುಡ ಅಗೆದು ತೆಗೆದ ಜಾಗದಲ್ಲಿ ಮತ್ತೆ ಚಿಗುರು ಬರುತ್ತದೆ, ಎರಡು ಮಳೆಗಾಲ ಗಮನಿಸಬೇಕು. ನಮ್ಮ ಕಾಂಪೌಂಡಿನ ಆ ಜಾಗದಲ್ಲಿ ಈಗ ದುಂಡುಮಲ್ಲಿಗೆ ಇದೆ, ಅತ್ತೆ ದೇವರಿಗೆ ಅದನ್ನೇ ಕೊಯ್ಯುತ್ತಾರೆ.